ಮೂತ್ರವೋ, ಮಾತ್ರೆಯೋ? ಡ್ರಗ್ ಪರೀಕ್ಷೆಯ ಆಯ್ಕೆಗಳನ್ನು ತೂಗಿ ನೋಡುವ ಬಗೆ

ಬೆಂಗಳೂರಿನ ಹೊರವಲಯದ ಯಾವುದೋ ಫಾರ್ಮ್‌ಹೌಸ್ ಮೇಲೆ ದಾಳಿಯಾದ ಮರುದಿನ ಟಿವಿಯಲ್ಲಿ ಬರುವ ದೃಶ್ಯ ನಮಗೆಲ್ಲ ಬಾಯಿಪಾಠ. ಮುಖ ಮುಚ್ಚಿಕೊಂಡ ಹುಡುಗ ಹುಡುಗಿಯರು, ಸಿಸಿಬಿ ವ್ಯಾನು, ಆಸ್ಪತ್ರೆಯ ಬಾಗಿಲು, ರಕ್ತದ ಮಾದರಿ. 2024ರ ಮೇ ತಿಂಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ ಬಳಿಯ ರೇವ್ ಪಾರ್ಟಿಯಲ್ಲೂ ಹಾಗೇ ಆಯಿತು. ಇಷ್ಟು ಜನಕ್ಕೆ ಪಾಸಿಟಿವ್ ಬಂತು ಎಂಬಲ್ಲಿಗೆ ಸುದ್ದಿ ಮುಗಿಯಿತು. ಅವರು ನುಂಗಿದ ಮಾತ್ರೆಯಲ್ಲಿ ನಿಜಕ್ಕೂ ಏನಿತ್ತು, ಎಷ್ಟಿತ್ತು, ಅದೇ ಸರಕು ಊರಿನಲ್ಲಿ ಇನ್ನೆಲ್ಲಿ ಓಡಾಡುತ್ತಿದೆ ಎಂದು ಯಾರೂ ಕೇಳಲಿಲ್ಲ.

ಇಂಥ ಸುದ್ದಿ ಬಂದಾಗಲೆಲ್ಲ ಪೋಷಕರು, ಕಾಲೇಜಿನವರು, ರಾಜಕಾರಣಿಗಳು ಡ್ರಗ್ ಟೆಸ್ಟ್ ಕಡ್ಡಾಯ ಮಾಡಿ ಅನ್ನುತ್ತಾರೆ. ಯಾವ ಟೆಸ್ಟ್? ಮನುಷ್ಯನನ್ನು ಪರೀಕ್ಷಿಸಬಹುದು, ಅವನು ಇದ್ದ ಮನೆಯನ್ನು ಪರೀಕ್ಷಿಸಬಹುದು, ಊರಿನ ಚರಂಡಿ ನೀರನ್ನು ಪರೀಕ್ಷಿಸಬಹುದು, ಕೈಯಲ್ಲಿರುವ ಮಾತ್ರೆಯನ್ನೇ ಪರೀಕ್ಷಿಸಬಹುದು. ಇವಿಷ್ಟೂ ಪರೀಕ್ಷೆಗಳು ಒಂದೇ ದೇಶದಲ್ಲಿ, ಹತ್ತು ಹನ್ನೆರಡು ವರ್ಷದ ಅವಧಿಯಲ್ಲಿ ನಡೆದಿವೆ. ಆ ದೇಶ ನ್ಯೂಜಿಲೆಂಡ್. ಜನಸಂಖ್ಯೆ ಅರ್ಧ ಕೋಟಿಯ ಆಸುಪಾಸು, ಅಂದರೆ ಬೆಂಗಳೂರಿಗಿಂತ ಕಡಿಮೆ. ಹೋಲಿಕೆಗೆ ಇದಕ್ಕಿಂತ ಅನುಕೂಲವಾದ ಜಾಗ ನನಗೆ ಕಾಣುವುದಿಲ್ಲ.

ಹೋಲಿಸುವಾಗ ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ: ಪರೀಕ್ಷೆಯ ಫಲಿತಾಂಶ ಯಾರ ಕೈ ಸೇರುತ್ತದೆ, ಸೇರಿದ ಮೇಲೆ ಏನು ಬದಲಾಗುತ್ತದೆ. ಯಂತ್ರ ಎಷ್ಟು ನಿಖರ ಎಂಬುದು ಆಮೇಲಿನ ಮಾತು.

ಮನುಷ್ಯನನ್ನು ಪರೀಕ್ಷಿಸುವುದು

ನ್ಯೂಜಿಲೆಂಡ್ 2013ರ ಜುಲೈನಲ್ಲಿ ನಿರುದ್ಯೋಗ ಭತ್ಯೆಯ ನಿಯಮ ಬಿಗಿ ಮಾಡಿತು. ಡ್ರಗ್ ಟೆಸ್ಟ್ ಕೇಳುವ ಕೆಲಸಕ್ಕೆ ಕಳುಹಿಸಿದಾಗ ಟೆಸ್ಟ್‌ನಲ್ಲಿ ಫೇಲಾದರೆ ಅಥವಾ ಟೆಸ್ಟನ್ನೇ ನಿರಾಕರಿಸಿದರೆ ಭತ್ಯೆಗೆ ಕತ್ತರಿ. ಸರ್ಕಾರಿ ಹಣದಲ್ಲಿ ನಶೆ ಮಾಡುವವರು ಸಾಲುಸಾಲಾಗಿ ಸಿಕ್ಕಿಬೀಳುತ್ತಾರೆ ಎಂಬ ನಿರೀಕ್ಷೆಯಿತ್ತು. ಮೊದಲ ವರ್ಷದ ಲೆಕ್ಕ ನೋಡಿದರೆ ಫೇಲಾದವರು ಶೇಕಡಾ ಒಂದೂ ಇರಲಿಲ್ಲ.

ಬ್ರಿಟನ್ನಿನ ಜೈಲುಗಳ ಕತೆ ಇನ್ನೂ ಕಹಿ. 1990ರ ದಶಕದ ನಡುವಿನಿಂದ ಅಲ್ಲಿ ಕೈದಿಗಳ ಮೂತ್ರ ಪರೀಕ್ಷೆ ಕಡ್ಡಾಯವಾಗಿದೆ. ನಿತ್ಯ ಗಾಂಜಾ ಸೇದುವವರ ಮೂತ್ರದಲ್ಲಿ ಅದರ ಕುರುಹು ವಾರಗಟ್ಟಲೆ ಉಳಿಯುತ್ತದೆ, ಹೆರಾಯಿನ್ ಎರಡು ಮೂರು ದಿನದಲ್ಲಿ ಮಾಯವಾಗುತ್ತದೆ. ಲೆಕ್ಕ ಗೊತ್ತಿದ್ದ ಕೈದಿ ಯಾವುದರಿಂದ ಯಾವುದಕ್ಕೆ ಹೋಗುತ್ತಾನೆ ಎಂದು ಊಹಿಸಲು ಪಂಡಿತರೇನೂ ಬೇಕಾಗಿಲ್ಲ. 2010ರ ನಂತರ 'ಸ್ಪೈಸ್' ಎಂಬ ಕೃತಕ ಗಾಂಜಾ ಜೈಲುಗಳಿಗೆ ನುಗ್ಗಿತು. ಗಾಂಜಾಕ್ಕಿಂತ ಎಷ್ಟೋ ಪಟ್ಟು ಅಪಾಯಕಾರಿಯಾದ ಆ ವಸ್ತು ಆಗಿನ ಮೂತ್ರ ಪರೀಕ್ಷೆಗೆ ಸಿಗುತ್ತಿರಲಿಲ್ಲ. 2016ರಲ್ಲಿ ಪರೀಕ್ಷೆಯ ಪಟ್ಟಿಗೆ ಅದನ್ನು ಸೇರಿಸುವ ಹೊತ್ತಿಗೆ ಜೈಲಿನ ಮುಂದೆ ಆಂಬುಲೆನ್ಸ್ ಬಂದು ನಿಲ್ಲುವುದು ಮಾಮೂಲಾಗಿತ್ತು.

ನಿಖರತೆಯ ಮಾತೂ ಇದೆ. ಮೂತ್ರದ ಕಪ್ಪಿನಲ್ಲಿ ಅದ್ದಿ ನೋಡುವ ಪಟ್ಟಿ ಬರೀ ಸುಳಿವು ಕೊಡುತ್ತದೆ. ಕೆಲವು ನೆಗಡಿ ಮಾತ್ರೆಗಳು ಆಂಫೆಟಮೈನ್ ಎಂದು ತೋರಿಸಿಬಿಡಬಹುದು. ನಮ್ಮ ಗಸಗಸೆ ಪಾಯಸವೂ ನಿರಪರಾಧಿಯಲ್ಲ. ಗಸಗಸೆಯ ಮೇಲೆ ಅಫೀಮಿನ ಅಂಶ ಅತ್ಯಲ್ಪ ಪ್ರಮಾಣದಲ್ಲಿ ಅಂಟಿರುತ್ತದೆ, ಹಬ್ಬದ ಮರುದಿನದ ಮೂತ್ರದಲ್ಲಿ ಅದು ಕಾಣಿಸಿಕೊಳ್ಳಬಹುದು. ದುಬೈಗೆ ಹೊರಟವರ ಬ್ಯಾಗಿನಿಂದ ಮನೆಯವರು ಗಸಗಸೆ ಪೊಟ್ಟಣ ತೆಗೆದಿಡುವುದು ಸುಮ್ಮನೆ ಅಲ್ಲ. ಪಟ್ಟಿಯ ಫಲಿತಾಂಶವನ್ನು ಪ್ರಯೋಗಾಲಯದಲ್ಲಿ ಖಚಿತ ಮಾಡಿಕೊಳ್ಳದೆ ಒಬ್ಬನ ಕೆಲಸ ಅಥವಾ ಸೀಟು ಕಿತ್ತುಕೊಳ್ಳುವ ಯಾವ ಸಂಸ್ಥೆಯನ್ನೂ ನಂಬಬೇಡಿ.

ಹಾಗಾದರೆ ಈ ಪರೀಕ್ಷೆ ಎಲ್ಲೂ ಬೇಡವೇ? ಬಸ್ ಓಡಿಸುವವರು, ವಿಮಾನ ಹಾರಿಸುವವರು, ಕ್ರೇನ್ ನಡೆಸುವವರು ಇದ್ದಲ್ಲಿ ಬೇಕು. ಅಲ್ಲಿ ಪಣಕ್ಕಿರುವುದು ಬೇರೆಯವರ ಜೀವ. ಆದರೆ ಮೂತ್ರ ಹೇಳುವುದು ಹಿಂದೆ ಏನಾಯಿತು ಎಂಬುದನ್ನು, ಈಗ ಆತ ಅಮಲಿನಲ್ಲಿದ್ದಾನೋ ಇಲ್ಲವೋ ಎಂಬುದನ್ನಲ್ಲ. ಎಂಜಲಿನ ಪರೀಕ್ಷೆ ಸ್ವಲ್ಪ ವಾಸಿ. ಅದೂ ಸಲೀಸಲ್ಲ. ನ್ಯೂಜಿಲೆಂಡ್ ರಸ್ತೆ ಬದಿಯ ಎಂಜಲು ಪರೀಕ್ಷೆಗೆ ಕಾನೂನು ಮಾಡಿ, 2023ರಲ್ಲಿ ಜಾರಿಯ ದಿನ ಬಂದಾಗ, ಆ ಕಾನೂನು ಬಯಸುವಷ್ಟು ನಿಖರವಾದ ಉಪಕರಣವೇ ಮಾರುಕಟ್ಟೆಯಲ್ಲಿ ಇರಲಿಲ್ಲ. ಕೊನೆಗೆ ಕಾನೂನನ್ನೇ ತಿದ್ದಬೇಕಾಯಿತು.

ಕಾಲೇಜಿಗೆ? ನನ್ನ ಉತ್ತರ ಬೇಡ. ಪಾಸಿಟಿವ್ ಬಂದ ಹುಡುಗನನ್ನು ಹಾಸ್ಟೆಲಿನಿಂದ ಹೊರಹಾಕಿದರೆ ಅವನ ಮೇಲೆ ಕಣ್ಣಿಟ್ಟಿದ್ದ ಕೊನೆಯ ವಾರ್ಡನ್ನನ್ನೂ ತಪ್ಪಿಸಿದಂತಾಗುತ್ತದೆ.

ಗೋಡೆಯನ್ನು ಪರೀಕ್ಷಿಸುವುದು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಗೆ ನ್ಯೂಜಿಲೆಂಡ್ ಸರ್ಕಾರಿ ವಸತಿ ಇಲಾಖೆ ಜೀವ ತುಂಬಿತು. ಮೆಥ್ (ಮೆಥಾಂಫೆಟಮೈನ್ ಎಂಬ ಉತ್ತೇಜಕ ನಶೆ ವಸ್ತು) ತಯಾರಿಸುವ ಕಳ್ಳ ಲ್ಯಾಬುಗಳನ್ನು ಶುಚಿಗೊಳಿಸಲು ಆರೋಗ್ಯ ಇಲಾಖೆ 2010ರಲ್ಲಿ ಒಂದು ಮಿತಿ ಹೇಳಿತ್ತು: 100 ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂ. ಯಾರೋ ಒಮ್ಮೆ ಮೆಥ್ ಸೇದಿದ ಮನೆಗೂ ಅದೇ ಮಿತಿ ಅನ್ವಯವಾಗತೊಡಗಿತು. ಪರೀಕ್ಷಿಸುವ ಕಂಪನಿಗಳು ಹುಟ್ಟಿಕೊಂಡವು, ಶುಚಿಗೊಳಿಸುವ ಕಂಪನಿಗಳೂ ಹುಟ್ಟಿಕೊಂಡವು. ಗೋಡೆಯಲ್ಲಿ ಕುರುಹು ಸಿಕ್ಕಿತು ಎಂದು ಬಡ ಬಾಡಿಗೆದಾರರನ್ನು ಹೊರಗೆ ಹಾಕಿದರು. ಆ ಕುರುಹು ಅವರದೋ, ಹಿಂದಿನ ಬಾಡಿಗೆದಾರನದೋ ಎಂದು ನೋಡುವ ತಾಳ್ಮೆಯೂ ಇರಲಿಲ್ಲ.

2018ರ ಮೇ ತಿಂಗಳಲ್ಲಿ ಪ್ರಧಾನಿಯ ಮುಖ್ಯ ವಿಜ್ಞಾನ ಸಲಹೆಗಾರರಾಗಿದ್ದ ಪೀಟರ್ ಗ್ಲಕ್‌ಮನ್ ವರದಿ ಕೊಟ್ಟರು. ಸೇದಿದ ಮನೆಯ ಗೋಡೆಯ ಕುರುಹಿನಿಂದ ಯಾರಿಗಾದರೂ ಕಾಯಿಲೆ ಬಂದ ಪುರಾವೆ ಪ್ರಪಂಚದಲ್ಲೆಲ್ಲೂ ಇಲ್ಲ ಎಂಬುದು ಅದರ ಸಾರ. ಅವರು ಸೂಚಿಸಿದ ಮಿತಿ 15 ಮೈಕ್ರೋಗ್ರಾಂ, ಅಂದರೆ ಹಳೆಯದರ 30 ಪಟ್ಟು. ಅಷ್ಟು ಹೊತ್ತಿಗೆ ಸುಮಾರು 800 ಬಾಡಿಗೆದಾರರು ಇದರ ಪೆಟ್ಟು ತಿಂದಿದ್ದರು, ಹತ್ತು ಕೋಟಿ ಡಾಲರಿನಷ್ಟು ದುಡ್ಡು ಗೋಡೆ ತೊಳೆಯಲು ಹೋಗಿತ್ತು. ಇಲಾಖೆ ಅದೇ ವರ್ಷ ಕ್ಷಮೆ ಕೇಳಿ ಪರಿಹಾರ ಕೊಟ್ಟಿತು.

ಆ ಉಪಕರಣ ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಿ. ಅದು ನಿಖರವಾಗಿಯೇ ಅಳೆದಿತ್ತು. ಅಳೆದದ್ದಕ್ಕೂ ಹಾನಿಗೂ ಸಂಬಂಧವಿದೆಯೇ ಎಂದು ಕೇಳುವವರಿರಲಿಲ್ಲ.

ಚರಂಡಿ ನೀರು, ಮತ್ತು ಅಂಗಡಿಗೆ ಬರುವ ಮುಂಚಿನ ಪರೀಕ್ಷೆ

ಚರಂಡಿ ನೀರಿನ ಪರೀಕ್ಷೆ ಅಗ್ಗ, ಯಾರ ಹೆಸರನ್ನೂ ಕೇಳುವುದಿಲ್ಲ. 2018ರ ಕೊನೆಯಿಂದ ನ್ಯೂಜಿಲೆಂಡಿನಲ್ಲಿ ಇದು ರಾಷ್ಟ್ರಮಟ್ಟದಲ್ಲಿ ನಡೆಯುತ್ತಿದೆ. 2024ರಲ್ಲಿ ಮೆಥ್ ಬಳಕೆ ಹಿಂದಿನ ವರ್ಷದ ಹತ್ತಿರಹತ್ತಿರ ಎರಡು ಪಟ್ಟಾಯಿತು ಎಂಬುದು ಗೊತ್ತಾದದ್ದೇ ಹೀಗೆ. ಸರ್ವೆಯಲ್ಲಿ ಜನ ಸುಳ್ಳು ಹೇಳಬಹುದು, ಚರಂಡಿ ಹೇಳುವುದಿಲ್ಲ. ನೀತಿ ಮಾಡುವವರಿಗೆ ಇದು ಒಳ್ಳೆಯ ಕನ್ನಡಿ. ನಾಳೆ ರಾತ್ರಿ ಮಾತ್ರೆ ನುಂಗಲಿರುವವನಿಗೆ ಮಾತ್ರ ಇದರಿಂದ ಪ್ರಯೋಜನವಿಲ್ಲ.

ಇನ್ನೊಂದು ವಿಚಿತ್ರ ಪ್ರಯೋಗ 2013ರ ಸೈಕೋಆಕ್ಟಿವ್ ಸಬ್‌ಸ್ಟೆನ್ಸಸ್ ಕಾಯ್ದೆ. ಹೊಸ ನಶೆ ವಸ್ತು ಮಾರಬೇಕೆಂದರೆ ಅದು ಕಡಿಮೆ ಅಪಾಯದ್ದು ಎಂದು ತಯಾರಕನೇ ಔಷಧ ಕಂಪನಿಯ ಹಾಗೆ ಪರೀಕ್ಷೆ ಮಾಡಿ ರುಜುವಾತು ಮಾಡಬೇಕು. ಕಾಗದದ ಮೇಲೆ ಎಷ್ಟು ಚೆಂದ! ಆದರೆ ಪ್ರಾಣಿಗಳ ಮೇಲೆ ಪ್ರಯೋಗ ಮಾಡದೆ ಸುರಕ್ಷತೆ ತೋರಿಸಲಾಗದು, ನಶೆಗಾಗಿ ಮೊಲ, ನಾಯಿಗಳನ್ನು ಹಿಂಸಿಸಬಾರದು ಎಂದು ಜನ ಬೀದಿಗಿಳಿದರು. 2014ರ ಮೇ ತಿಂಗಳ ತಿದ್ದುಪಡಿ ಅಂಥ ಪರೀಕ್ಷೆಯ ಮಾಹಿತಿಯನ್ನು ಪರಿಗಣಿಸದಂತೆ ತಡೆಯಿತು. ಕಾಯ್ದೆ ಪುಸ್ತಕದಲ್ಲಿ ಉಳಿಯಿತು, ಪೂರ್ಣ ಅನುಮತಿ ಪಡೆದ ಉತ್ಪನ್ನ ಒಂದೂ ಬರಲಿಲ್ಲ.

ಮಾತ್ರೆಯನ್ನೇ ಪರೀಕ್ಷಿಸುವುದು

ಈಗ ವಿಷಯದ ತಿರುಳಿಗೆ ಬರೋಣ. ನ್ಯೂಜಿಲೆಂಡಿನಲ್ಲಿ ಬೇಸಿಗೆ ಅಂದರೆ ಡಿಸೆಂಬರ್, ಜನವರಿ. ಆಗ ಸಂಗೀತೋತ್ಸವಗಳ ಸುಗ್ಗಿ. ವೆಂಡಿ ಆಲಿಸನ್ ಕಟ್ಟಿದ 'ನೋ ಯುವರ್ ಸ್ಟಫ್' ಎಂಬ ಸ್ವಯಂಸೇವಕರ ತಂಡ ಉತ್ಸವಗಳಲ್ಲಿ ಟೆಂಟ್ ಹಾಕಿ, ಜನ ತಂದ ಪುಡಿ ಮಾತ್ರೆಗಳನ್ನು ಸ್ಪೆಕ್ಟ್ರೋಮೀಟರಿನಲ್ಲಿ ನೋಡಿ ಹೇಳತೊಡಗಿತು. 1975ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಸ್ವಯಂಸೇವಕ ಆ ಪುಡಿಯನ್ನು ಮುಟ್ಟಿದರೂ ಅಪರಾಧವಾಗಬಹುದಿತ್ತು. ಹಾಗಾಗಿ ತಂದವನೇ ಚಿಟಿಕೆಯನ್ನು ಯಂತ್ರದ ಮೇಲೆ ಇಡಬೇಕಿತ್ತು. ಉತ್ಸವದ ಆಯೋಜಕರಿಗೂ ಭಯ, ಯಾಕೆಂದರೆ ಟೆಂಟಿಗೆ ಅನುಮತಿ ಕೊಟ್ಟರೆ ತಮ್ಮ ಜಾಗದಲ್ಲಿ ಡ್ರಗ್ಸ್ ಬಳಕೆ ನಡೆಯುವುದು ಗೊತ್ತಿತ್ತು ಎಂದು ತಾವೇ ಒಪ್ಪಿಕೊಂಡ ಹಾಗೆ.

2020ರ ಡಿಸೆಂಬರಿನಲ್ಲಿ, ಉತ್ಸವಗಳು ಶುರುವಾಗುವ ಮುನ್ನ, ಸಂಸತ್ತು ತರಾತುರಿಯಲ್ಲಿ ಒಂದು ತಾತ್ಕಾಲಿಕ ಕಾಯ್ದೆ ಮಾಡಿತು. ಅದೇ ಬೇಸಿಗೆಯಲ್ಲಿ ಎಂಡಿಎಂಎ (ಎಕ್ಸ್ಟಸಿ ಎಂಬ ಪಾರ್ಟಿ ಡ್ರಗ್) ಎಂದು ಮಾರುತ್ತಿದ್ದ ಸರಕಿನಲ್ಲಿ ಯುಟೈಲೋನ್ ಎಂಬ ಬೇರೆಯೇ ವಸ್ತು ಮೇಲಿಂದ ಮೇಲೆ ಸಿಕ್ಕಿತು. ಯುಟೈಲೋನಿನ ಅಮಲು ಬೇಗ ಇಳಿಯುತ್ತದೆ. ಸಾಕಾಗಲಿಲ್ಲ ಎಂದು ಇನ್ನೊಂದು ನುಂಗಿದವರಿಗೆ ದಿನಗಟ್ಟಲೆ ನಿದ್ದೆಯಿಲ್ಲ, ತಳಮಳ, ಕೆಲವರಿಗೆ ಆಸ್ಪತ್ರೆ. ಟೆಂಟ್ ಇಲ್ಲದಿದ್ದರೆ ಇದು ಗೊತ್ತಾಗುವುದು ತುರ್ತು ಚಿಕಿತ್ಸಾ ವಿಭಾಗದಲ್ಲಿ. ಆಗ ಆರೋಗ್ಯ ಸಚಿವರಾಗಿದ್ದ ಆಂಡ್ರ್ಯೂ ಲಿಟಲ್ 2021ರ ಕೊನೆಗೆ ಕಾಯಂ ಕಾಯ್ದೆ ತಂದರು, ಆಗ ವಿರೋಧ ಪಕ್ಷವಾಗಿದ್ದ ನ್ಯಾಷನಲ್ ಪಕ್ಷ ವಿರೋಧಿಸಿತು. ಮಾತ್ರೆ ಪರೀಕ್ಷೆಗೆಂದೇ ದೇಶಮಟ್ಟದ ಪ್ರತ್ಯೇಕ ಕಾನೂನು ಮಾಡಿದ ಮೊದಲ ದೇಶ ನ್ಯೂಜಿಲೆಂಡ್. ಪರವಾನಗಿ ಪಡೆದ ಸಂಸ್ಥೆ ಈಗ ಮಾದರಿಯನ್ನು ಮುಟ್ಟಬಹುದು, ಪ್ರಯೋಗಾಲಯಕ್ಕೆ ಕಳಿಸಬಹುದು, ಬೇಡವೆಂದವರ ಸರಕನ್ನು ನಾಶ ಮಾಡಬಹುದು. ಶುಲ್ಕವಿಲ್ಲ, ಹೆಸರು ಕೇಳುವುದಿಲ್ಲ. ಹಾಗೆಂದು ಡ್ರಗ್ಸ್ ಅಲ್ಲಿ ಕಾನೂನುಬದ್ಧವಾಗಿಲ್ಲ. ಎಂಡಿಎಂಎ ಇಟ್ಟುಕೊಳ್ಳುವುದು ಇಂದಿಗೂ ಅಪರಾಧ. 2019ರ ತಿದ್ದುಪಡಿ ಪೊಲೀಸರಿಗೆ ಹೇಳಿದ್ದು ಇಷ್ಟೇ: ಸ್ವಂತ ಬಳಕೆಯ ಪ್ರಕರಣದಲ್ಲಿ ಸಾರ್ವಜನಿಕ ಹಿತವಿದ್ದರೆ ಮಾತ್ರ ಕೇಸು ಹಾಕಿ. ಓದಲು ಆಕ್ಲೆಂಡಿಗೆ ಹೋದ ನಮ್ಮ ಹುಡುಗರು ಈ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು.

2022ರ ಜೂನ್‌ನಲ್ಲಿ ವೈರರಾಪ ಪ್ರದೇಶದಲ್ಲಿ ಎರಡು ದಿನದೊಳಗೆ 12 ಜನ ಆಸ್ಪತ್ರೆ ಸೇರಿದರು. ಕೊಕೇನ್ ಅಥವಾ ಮೆಥ್ ಎಂದು ಕೊಂಡ ಬಿಳಿ ಪುಡಿಯಲ್ಲಿ ಫೆಂಟನಿಲ್ ಎಂಬ, ಅಫೀಮು ಜಾತಿಯ ಅತಿ ಪ್ರಬಲ ಕೃತಕ ವಸ್ತು ಇತ್ತು. 'ಹೈ ಅಲರ್ಟ್' ಎಂಬ ಮುನ್ನೆಚ್ಚರಿಕೆ ಜಾಲದ ಮೂಲಕ ದೇಶಕ್ಕೆಲ್ಲ ಸುದ್ದಿ ಹರಡಿತು. ನನ್ನ ಅಳತೆಗೋಲಿನಲ್ಲಿ ಮಾತ್ರೆ ಪರೀಕ್ಷೆ ಮುಂದೆ ನಿಲ್ಲುವುದು ಇಂಥಲ್ಲಿ. ಫಲಿತಾಂಶ ಮೊದಲು ನುಂಗುವವನಿಗೆ, ಆಮೇಲೆ ಆಸ್ಪತ್ರೆಗೆ, ಆಮೇಲೆ ಊರಿಗೆ.

ಟೆಂಟೋ, ಅಂಗಡಿಯೋ, ಅಂಚೆಯೋ?

ಸೇವೆ ಕೊಡುವ ಬಗೆಯಲ್ಲಿ ದೇಶ ದೇಶಕ್ಕೂ ಭೇದವಿದೆ, ಆಯ್ಕೆ ಮಾಡುವಾಗ ಇದೇ ಮುಖ್ಯ.

ನೆದರ್ಲೆಂಡ್ಸ್ 1992ರಿಂದ ಡಿಮ್ಸ್ ಎಂಬ ವ್ಯವಸ್ಥೆ ನಡೆಸುತ್ತಿದೆ. ಇದರ ಕೇಂದ್ರ ಉಟ್ರೆಕ್ಟಿನ ಟ್ರಿಂಬೋಸ್ ಸಂಸ್ಥೆ. ಊರೂರಿನ ವ್ಯಸನ ಚಿಕಿತ್ಸಾ ಕಚೇರಿಗೆ ಹೋಗಿ ಮಾತ್ರೆ ಕೊಟ್ಟು ಬರಬೇಕು. ಮೊದಲೇ ಪರಿಚಿತವಾದ ಮಾತ್ರೆಯಾದರೆ ಅಲ್ಲೇ ಗೊತ್ತಾಗುತ್ತದೆ, ಇಲ್ಲದಿದ್ದರೆ ಲ್ಯಾಬಿನಿಂದ ಬರಲು ಒಂದು ವಾರದ ಆಸುಪಾಸು. ಉತ್ಸವದ ಜಾಗದಲ್ಲಿ ಪರೀಕ್ಷೆ ಇಲ್ಲ. ಇದರ ತಾಕತ್ತು ಇರುವುದು ಮೂರು ದಶಕದ ದಾಖಲೆಯಲ್ಲಿ. ಎಂಡಿಎಂಎ ಮಾತ್ರೆಯ ಸರಾಸರಿ ಪ್ರಮಾಣ ಹಳೆಯ 80 ಮಿಲಿಗ್ರಾಂ ಆಸುಪಾಸಿನಿಂದ 150 ದಾಟಿದ್ದನ್ನು ಇದು ವರ್ಷ ವರ್ಷ ಹಿಡಿದಿಟ್ಟಿತು. ಅಂದರೆ ಕಲಬೆರಕೆ ಇಲ್ಲದ 'ಶುದ್ಧ' ಮಾತ್ರೆಯೇ ಈಗ ಹಿಂದಿಗಿಂತ ಹೆಚ್ಚು ಅಪಾಯಕಾರಿ. 2014ರ ಡಿಸೆಂಬರಿನಲ್ಲಿ ಸೂಪರ್‌ಮ್ಯಾನ್ ಚಿಹ್ನೆಯ ಮಾತ್ರೆಯಲ್ಲಿ ಪಿಎಂಎಂಎ ಎಂಬ ಮಾರಕ ವಸ್ತು ಸಿಕ್ಕಾಗ ಡಚ್ಚರು ಟಿವಿಯಲ್ಲೂ ಎಚ್ಚರಿಕೆ ಕೊಟ್ಟರು. ಅದೇ ಮಾತ್ರೆ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಯಿತು. ಅಲ್ಲಿ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವೆ ನಾಲ್ವರು ಸತ್ತರು.

ವೇಲ್ಸ್‌ನ ವೆಡಿನೋಸ್ 2013ರಿಂದ ಅಂಚೆಯಲ್ಲಿ ಮಾದರಿ ತರಿಸಿಕೊಳ್ಳುತ್ತದೆ. ಲಕೋಟೆಯ ಮೇಲೆ ಹೆಸರಿಲ್ಲ, ಒಂದು ಸಂಖ್ಯೆ ಮಾತ್ರ. ಫಲಿತಾಂಶ ಅಂತರ್ಜಾಲದಲ್ಲಿ ಬರುತ್ತದೆ. ಹಳ್ಳಿಯವರಿಗೂ ಸಿಗುತ್ತದೆ ಎಂಬುದು ದೊಡ್ಡ ಗುಣ. ಆದರೆ ಏನಿದೆ ಎಂದು ಹೇಳುತ್ತದೆಯೇ ಹೊರತು ಎಷ್ಟಿದೆ ಎಂದು ಹೇಳುವುದಿಲ್ಲ, ಎದುರು ಕೂತು ಮಾತಾಡುವವರಿಲ್ಲ.

ಇಂಗ್ಲೆಂಡಿನಲ್ಲಿ ಫಿಯೋನಾ ಮೀಷಮ್ ನೇತೃತ್ವದ 'ದ ಲೂಪ್' 2016ರಲ್ಲಿ ಉತ್ಸವದಲ್ಲೇ ಲ್ಯಾಬ್ ತೆರೆಯಿತು. ಪರೀಕ್ಷಿಸಿದ ಪ್ರತಿ ಐದರಲ್ಲಿ ಒಂದು ವಸ್ತು ಹೇಳಿ ಮಾರಿದ್ದಲ್ಲ. ಮೋಸ ಹೋದದ್ದು ತಿಳಿದವರಲ್ಲಿ ಹೆಚ್ಚಿನವರು ಅದನ್ನು ಬಿಸಾಡಲು ಕೊಟ್ಟರು. ಫಲಿತಾಂಶವನ್ನು ಚೀಟಿಯಲ್ಲಿ ಬರೆದು ಕೊಡುವುದಿಲ್ಲ, ಆರೋಗ್ಯ ಕಾರ್ಯಕರ್ತರು ಕೂರಿಸಿಕೊಂಡು ಹೇಳುತ್ತಾರೆ. ಬಹಳ ಜನಕ್ಕೆ ತಮ್ಮ ನಶೆಯ ಬಗ್ಗೆ ವೈದ್ಯಕೀಯ ಜ್ಞಾನವಿರುವವರ ಜೊತೆ ಜೀವನದಲ್ಲಿ ಮೊದಲ ಸಲ ಆಡಿದ ಮಾತು ಅದು. ಆದರೆ ಕಾನೂನಿನ ಆಸರೆ ಇಲ್ಲದೆ ಪೊಲೀಸರ ಒಪ್ಪಂದದ ಮೇಲೆ ನಿಂತಿದ್ದ ವ್ಯವಸ್ಥೆ. 2023ರಲ್ಲಿ ಗೃಹ ಇಲಾಖೆ ಲೈಸೆನ್ಸ್ ಕೇಳಿದಾಗ ಮ್ಯಾಂಚೆಸ್ಟರಿನ ಉತ್ಸವದಲ್ಲಿ ನಡೆಯಬೇಕಿದ್ದ ಪರೀಕ್ಷೆ ನಿಂತೇಹೋಯಿತು.

ಆಸ್ಟ್ರೇಲಿಯಾ ಇನ್ನೂ ಓಲಾಡುತ್ತಿದೆ. ಕ್ಯಾನ್ಬೆರಾದಲ್ಲಿ 2022ರ ಜುಲೈನಿಂದ ಕ್ಯಾನ್‌ಟೆಸ್ಟ್ ಎಂಬ ಕಾಯಂ ಕೇಂದ್ರವಿದೆ. ಕ್ವೀನ್ಸ್‌ಲೆಂಡ್ 2024ರಲ್ಲಿ ಶುರು ಮಾಡಿತು, ಸರ್ಕಾರ ಬದಲಾದ ಮೇಲೆ 2025ರಲ್ಲಿ ನಿಷೇಧಿಸಿತು. ನ್ಯೂ ಸೌತ್ ವೇಲ್ಸ್‌ನಲ್ಲಿ ಉತ್ಸವಗಳಲ್ಲಿ ಸತ್ತ ಆರು ಯುವಜನರ ಸಾವಿನ ವಿಚಾರಣೆ ನಡೆಸಿದ ಕರೋನರ್ 2019ರಲ್ಲೇ ಮಾತ್ರೆ ಪರೀಕ್ಷೆ ಶಿಫಾರಸು ಮಾಡಿದ್ದರು, ಪ್ರಾಯೋಗಿಕವಾಗಿ ಶುರುವಾದದ್ದು 2025ರಲ್ಲಿ. ಮೂಸುವ ನಾಯಿಗಳಿಗೆ ಹೆದರಿ ಇದ್ದಬದ್ದ ಮಾತ್ರೆಯನ್ನೆಲ್ಲ ಗೇಟಿನಲ್ಲೇ ಒಟ್ಟಿಗೆ ನುಂಗುವುದು ಆ ವಿಚಾರಣೆಯಲ್ಲಿ ಚರ್ಚೆಯಾದ ಅಪಾಯಗಳಲ್ಲಿ ಒಂದು.

ನನ್ನನ್ನು ಕೇಳಿದರೆ ಮೊದಲ ಸ್ಥಾನ ಊರಿನೊಳಗಿನ ಕಾಯಂ ಕೇಂದ್ರಕ್ಕೆ. ಉತ್ಸವದ ಟೆಂಟಿಗೆ ಪತ್ರಿಕೆಯ ಫೋಟೋ ಸಿಗುತ್ತದೆ, ಆದರೆ ಅಲ್ಲಿಗೆ ಬರುವುದು ಟಿಕೆಟ್ ಕೊಳ್ಳಬಲ್ಲ ಇಪ್ಪತ್ತರ ಹರೆಯದವರು. ಸೂಜಿ ಚುಚ್ಚಿಕೊಳ್ಳುವವನು, ಒಂಟಿಯಾಗಿ ರೂಮಿನಲ್ಲಿ ಬಳಸುವವನು ಉತ್ಸವಕ್ಕೆ ಬರುವುದಿಲ್ಲ. ನ್ಯೂಜಿಲೆಂಡ್ ತನ್ನ ಸೂಜಿ ವಿನಿಮಯ ಕೇಂದ್ರಗಳಿಗೂ (ಬಳಸಿದ ಸೂಜಿ ಪಡೆದು ಹೊಸದು ಕೊಡುವ ಕಡೆ) ಮಾತ್ರೆ ಪರೀಕ್ಷೆಯ ಲೈಸೆನ್ಸ್ ಕೊಟ್ಟಿತು. ಟೆಂಟಿಗಿಂತ ಇದು ಜಾಣತನ. 1987ರಲ್ಲೇ ಕಾನೂನು ಬದಲಿಸಿ ದೇಶವ್ಯಾಪಿ ಸೂಜಿ ವಿನಿಮಯಕ್ಕೆ ಹೊರಟ ದೇಶಕ್ಕೆ ಆ ಬಾಗಿಲು ಮೊದಲೇ ತೆರೆದಿತ್ತು.

ಉಪಕರಣದ ಮಾತು

ಬಣ್ಣ ಬದಲಿಸುವ ರಾಸಾಯನಿಕ ಎಲ್ಲಕ್ಕಿಂತ ಅಗ್ಗ. ಮಾರ್ಕ್ವಿಸ್ ದ್ರಾವಣದ ಹನಿ ಎಂಡಿಎಂಎ ಮೇಲೆ ಬಿದ್ದರೆ ನೇರಳೆಯಿಂದ ಕಪ್ಪು, ಆಂಫೆಟಮೈನ್ ಮೇಲೆ ಕಿತ್ತಳೆ. ನಮ್ಮ ಪೊಲೀಸರ ಕಿಟ್ಟಿನಲ್ಲಿರುವುದೂ ಇಂಥದ್ದೇ. ಅದರ ಮಿತಿ ದೊಡ್ಡದು. ಪ್ರಮಾಣ ಗೊತ್ತಾಗುವುದಿಲ್ಲ. ಜೊತೆಗೆ ಎಂಡಿಎಂಎಯ ಗಾಢ ಬಣ್ಣದ ಅಡಿಯಲ್ಲಿ ಬೇರೆ ವಿಷ ಅಡಗಿ ಕೂರಬಹುದು.

ಫೆಂಟನಿಲ್ ಪಟ್ಟಿ ಇನ್ನೊಂದು ಬಗೆ. ಅತ್ಯಲ್ಪ ಫೆಂಟನಿಲ್ಲನ್ನೂ ಹಿಡಿಯುತ್ತದೆ. ಓದುವಾಗ ಎಡವುವವರು ಬಹಳ, ಯಾಕೆಂದರೆ ಗರ್ಭಧಾರಣೆಯ ಪಟ್ಟಿಗೆ ತದ್ವಿರುದ್ಧವಾಗಿ ಇಲ್ಲಿ ಒಂದು ಗೆರೆ ಅಂದರೆ ಇದೆ, ಎರಡು ಗೆರೆ ಅಂದರೆ ಇಲ್ಲ. ಮೆಥ್ ಅಥವಾ ಎಂಡಿಎಂಎ ದ್ರಾವಣ ಗಾಢವಾಗಿದ್ದರೆ ಸುಳ್ಳು ಪಾಸಿಟಿವ್ ಬರಬಹುದು. ಈಚಿನ ನಿಟಜೀನ್ ಎಂಬ ಇನ್ನೊಂದು ಮಾರಕ ಗುಂಪನ್ನು ಈ ಪಟ್ಟಿ ಗುರುತಿಸುವುದಿಲ್ಲ, ಅದಕ್ಕೆ ಬೇರೆ ಪಟ್ಟಿ ಬೇಕು.

ಇನ್‌ಫ್ರಾರೆಡ್ ಸ್ಪೆಕ್ಟ್ರೋಮೀಟರ್ ನಿಮಿಷಗಳಲ್ಲಿ ಮುಖ್ಯ ವಸ್ತು ಯಾವುದೆಂದು ಹೇಳುತ್ತದೆ, ಆದರೆ ಶೇಕಡಾ ಐದರ ಆಸುಪಾಸಿಗಿಂತ ಕಡಿಮೆ ಇರುವುದು ಅದರ ಕಣ್ಣಿಗೆ ಬೀಳುವುದು ಕಷ್ಟ. ಫೆಂಟನಿಲ್ ಕೊಲ್ಲಲು ಅಷ್ಟೂ ಬೇಡ. ಆದ್ದರಿಂದಲೇ ಒಳ್ಳೆಯ ಕೇಂದ್ರಗಳು ಯಂತ್ರ, ಪಟ್ಟಿ ಎರಡನ್ನೂ ಜೊತೆಗೆ ಬಳಸುತ್ತವೆ. ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಪೂರ್ಣ ಲ್ಯಾಬ್ ಎಲ್ಲವನ್ನೂ ಹೇಳುತ್ತದೆ, ದಿನಗಳ ನಂತರ.

ಯಾವ ಉಪಕರಣಕ್ಕೂ ತಪ್ಪದ ಒಂದು ತೊಡಕಿದೆ. ಕಳ್ಳ ಸರಕನ್ನು ಯಾರೂ ಸರಿಯಾಗಿ ಬೆರೆಸಿರುವುದಿಲ್ಲ. ಅವಸರದಲ್ಲಿ ಕಲಸಿದ ಚಿತ್ರಾನ್ನದಲ್ಲಿ ಒಂದು ತುತ್ತು ಸಪ್ಪೆ, ಇನ್ನೊಂದರಲ್ಲಿ ಬರೀ ಮೆಣಸಿನಕಾಯಿ ಸಿಗುವ ಹಾಗೆ, ಪರೀಕ್ಷಿಸಿದ ಚಿಟಿಕೆಯಲ್ಲಿ ಇಲ್ಲದ ಫೆಂಟನಿಲ್ ಉಳಿದ ಪುಡಿಯಲ್ಲಿ ಇರಬಹುದು. ಯಾವ ನೆಟ್ಟಗಿನ ಕೇಂದ್ರವೂ ಇದು ಸುರಕ್ಷಿತ ಎಂದು ಹೇಳದಿರುವುದು ಇದಕ್ಕೇ. ಏನೂ ನುಂಗದಿರುವುದೇ ಸುರಕ್ಷಿತ ಎಂಬಲ್ಲಿಂದಲೇ ಅವರ ಮಾತು ಶುರು.

ವಿರೋಧಿಗಳ ಒಂದು ಮಾತಿಗೆ ತೂಕವಿದೆ. ಮಾತ್ರೆ ಪರೀಕ್ಷೆಯಿಂದ ಜನರ ನಡವಳಿಕೆ ಬದಲಾಗುವುದಕ್ಕೆ ಪುರಾವೆಯಿದೆ, ಆದರೆ ಇಡೀ ದೇಶದ ಸಾವಿನ ಸಂಖ್ಯೆ ಇಳಿಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಸಾವು ಮತ್ತು ಸೋಂಕು ಇಳಿಸುವುದರಲ್ಲಿ ಗಟ್ಟಿ ಪುರಾವೆ ಇರುವುದು ಹೆರಾಯಿನ್‌ನಂಥ ನಶೆಯ ಬದಲಿಗೆ ಕೊಡುವ ಬ್ಯೂಪ್ರೆನಾರ್ಫಿನ್, ಮೆಥಡೋನ್ ಔಷಧಗಳ ಚಿಕಿತ್ಸೆಗೆ, ಸೂಜಿ ವಿನಿಮಯಕ್ಕೆ, ಅಫೀಮು ಜಾತಿಯ ವಸ್ತುಗಳಿಂದ ನಿಂತ ಉಸಿರನ್ನು ಮರಳಿಸುವ ನಲಾಕ್ಸೋನ್‌ಗೆ. ಸ್ವಿಟ್ಜರ್ಲೆಂಡ್ ಜ್ಯೂರಿಕ್‌ನ ಬಯಲು ಹೆರಾಯಿನ್ ಸಂತೆಯಿಂದ ಹೊರಬಂದದ್ದು ಮಾತ್ರೆ ಪರೀಕ್ಷೆಯಿಂದಲ್ಲ. ತಡೆ, ಚಿಕಿತ್ಸೆ, ಹಾನಿ ತಗ್ಗಿಸುವುದು, ಪೊಲೀಸು ಎಂಬ ನಾಲ್ಕು ಕಂಬಗಳ ನೀತಿಯಿಂದ. 2008ರ ಜನಮತಗಣನೆಯಲ್ಲಿ ಮೂರರಲ್ಲಿ ಎರಡು ಪಾಲು ಮತದಾರರು ಅದಕ್ಕೆ ಹೂಂ ಅಂದರು.

ನಮಗೆ ಯಾವುದು?

ಭಾರತದಲ್ಲಿ ಮಾತ್ರೆಯ ಪರೀಕ್ಷೆ ಇಲ್ಲವೆಂದಲ್ಲ. ವಶಪಡಿಸಿಕೊಂಡ ಸರಕೆಲ್ಲ ವಿಧಿವಿಜ್ಞಾನ ಪ್ರಯೋಗಾಲಯ, ಅಂದರೆ ಎಫ್‌ಎಸ್‌ಎಲ್‌ಗೆ ಹೋಗುತ್ತದೆ. ಅದರ ವರದಿ ಸೇರುವುದು ಆರೋಪಪಟ್ಟಿಯನ್ನು. ಎಷ್ಟು ಶುದ್ಧ ಎಂಬ ಪ್ರಶ್ನೆಗೆ ನಮ್ಮ ಕಾನೂನಿನಲ್ಲಿ ಈಗ ಬೆಲೆಯೂ ಕಡಿಮೆ. 2020ರಲ್ಲಿ ಸುಪ್ರೀಂ ಕೋರ್ಟ್ ಹೀರಾ ಸಿಂಗ್ ಪ್ರಕರಣದಲ್ಲಿ ಬೆರಕೆಯೂ ಸೇರಿದ ಒಟ್ಟು ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕು ಎಂದಿತು. ಎಂಡಿಎಂಎಗೆ 10 ಗ್ರಾಂ 'ವಾಣಿಜ್ಯ ಪ್ರಮಾಣ', ಶಿಕ್ಷೆ ಕನಿಷ್ಠ 10 ವರ್ಷ. ಒಳಗಿರುವುದರಲ್ಲಿ ಮುಕ್ಕಾಲು ಪಾಲು ಸಕ್ಕರೆ ಪುಡಿಯಾದರೂ ತಕ್ಕಡಿ ಬದಲಾಗುವುದಿಲ್ಲ.

ಹಾಗಾಗಿ ನ್ಯೂಜಿಲೆಂಡಿನ ಟೆಂಟನ್ನು ಎತ್ತಿ ತಂದು ಅರಮನೆ ಮೈದಾನದಲ್ಲಿ ಇಡಲಾಗುವುದಿಲ್ಲ. ಇಟ್ಟರೆ ಮಾದರಿ ತಂದವನೂ, ಮುಟ್ಟಿದ ಸ್ವಯಂಸೇವಕನೂ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಡಿ ಸಿಕ್ಕಿಬೀಳುತ್ತಾರೆ. ಆ ಕಾಯ್ದೆಯ 8ನೇ ಸೆಕ್ಷನ್ನಿನಲ್ಲೇ ವೈದ್ಯಕೀಯ, ವೈಜ್ಞಾನಿಕ ಉದ್ದೇಶಕ್ಕೆ ವಿನಾಯಿತಿಯ ಕಿಂಡಿಯೊಂದಿದೆ, ನಿಜ. ಅದನ್ನು ತೆರೆಯುವುದು ಸರ್ಕಾರದ ಕೈಯಲ್ಲಿದೆ.

ತೆರೆದರೂ ನಾನು ಅದನ್ನು ಮೊದಲ ಆಯ್ಕೆ ಮಾಡುವುದಿಲ್ಲ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಫೀಮು, ಹೆರಾಯಿನ್, ನೋವಿನ ಔಷಧಿಯಂಥವನ್ನು ಬಳಸುವವರು ಸುಮಾರು 2.26 ಕೋಟಿ, ಸೂಜಿ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ನಮ್ಮ ಹೆಣ ಬೀಳುತ್ತಿರುವುದು ಅಲ್ಲಿ, ರೇವ್ ಪಾರ್ಟಿಯಲ್ಲಲ್ಲ. ಬೆಂಗಳೂರಿನ ವೈದ್ಯರು ಟ್ಯಾಪೆಂಟಡಾಲ್ ನೋವಿನ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳುವ ಹುಡುಗರನ್ನು ನೋಡುತ್ತಿದ್ದಾರೆ. ಆ ಮಾತ್ರೆಯಲ್ಲಿ ಏನಿದೆ ಎಂದು ತಿಳಿಯಲು ಸ್ಪೆಕ್ಟ್ರೋಮೀಟರ್ ಬೇಡ, ಹೊದಿಕೆಯ ಮೇಲೇ ಬರೆದಿದೆ. ಆ ಹುಡುಗನಿಗೆ ಬೇಕಾದ್ದು ಹೊಸ ಸಿರಿಂಜು, ಬ್ಯೂಪ್ರೆನಾರ್ಫಿನ್ ಮತ್ತು ಬಾಗಿಲಲ್ಲಿ ಪೊಲೀಸ್ ನಿಲ್ಲದ ಒಂದು ಕ್ಲಿನಿಕ್ಕು. ಏಡ್ಸ್ ನಿಯಂತ್ರಣದ ನ್ಯಾಕೋ ಕಾರ್ಯಕ್ರಮ ಮಣಿಪುರದಂಥ ಕಡೆ ಇದನ್ನು ವರ್ಷಗಳಿಂದ ಮಾಡುತ್ತಿದೆ, ಪಂಜಾಬ್ 2017ರಿಂದ ಹೊರರೋಗಿ ಕ್ಲಿನಿಕ್ಕುಗಳಲ್ಲಿ ಬ್ಯೂಪ್ರೆನಾರ್ಫಿನ್ ಕೊಡುತ್ತಿದೆ. ಎಚ್‌ಐವಿ ತಡೆಯ ಬಜೆಟ್ಟಿನಲ್ಲಿ ಇದಕ್ಕೆ ಜಾಗವಿದೆ, ಆದರೆ 2012ರ ರಾಷ್ಟ್ರೀಯ ಮಾದಕ ವಸ್ತು ನೀತಿ ಹಾನಿ ತಗ್ಗಿಸುವುದನ್ನು ಅನುಮಾನದಿಂದಲೇ ನೋಡುತ್ತದೆ. ಒಂದು ಇಲಾಖೆ ಕೊಟ್ಟ ಸಿರಿಂಜನ್ನು ಇನ್ನೊಂದು ಇಲಾಖೆ ಸಾಕ್ಷಿ ಎಂದು ಹಿಡಿಯುವ ದೇಶದಲ್ಲಿ ಮೊದಲು ಸರಿಯಾಗಬೇಕಾದ್ದು ಅದು.

ಎರಡನೇ ಆಯ್ಕೆಯಾಗಿ ಡಚ್ ದಾರಿ ನಮಗೆ ಹತ್ತಿರ. ಎಫ್‌ಎಸ್‌ಎಲ್ ಕೈಯಲ್ಲಿ ಯಂತ್ರವಿದೆ, ಮಾದರಿಯೂ ಇದೆ. ಆರೋಪಿಯ ಹೆಸರು ತೆಗೆದು, ಯಾವ ತಿಂಗಳು ಯಾವ ಜಿಲ್ಲೆಯಲ್ಲಿ ಏನು ಹೆಸರಿನಲ್ಲಿ ಏನು ಮಾರಾಟವಾಯಿತು ಎಂದು ನಿಮ್ಹಾನ್ಸ್‌ಗೆ, ಜಿಲ್ಲಾ ಆಸ್ಪತ್ರೆಗಳಿಗೆ ವಾರದೊಳಗೆ ತಿಳಿಸಲು ಹೊಸ ಕಾನೂನು ಬೇಕೆಂದು ನನಗನಿಸುವುದಿಲ್ಲ. ಜೊತೆಗೆ ಚರಂಡಿ ನೀರಿನ ಪರೀಕ್ಷೆ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಕೊಳಚೆ ನೀರಿನಲ್ಲಿ ವೈರಸ್ ಹುಡುಕಿದ ಅನುಭವ ಇಲ್ಲಿನ ವಿಜ್ಞಾನಿಗಳಿಗಿದೆ. ಟೆಂಟು, ಅಂಗಡಿ ಆಮೇಲೆ.

ಇದೆಲ್ಲ ಆಗುವ ತನಕ ಮನೆಯಲ್ಲೊಬ್ಬರಿಗೆ ತೊಂದರೆಯಿದ್ದರೆ ಇವತ್ತು ಇರುವ ಆಯ್ಕೆಗಳು ಇವು. ವ್ಯಸನ ಬಿಡಿಸುವ ಸಲಹೆಗೆ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ತಳಮಳ ಜೊತೆಗಿದ್ದರೆ ಟೆಲಿ ಮಾನಸ್, 14416. ಮಾದಕ ನಿಯಂತ್ರಣ ಬ್ಯೂರೋದ 1933 ಕೂಡ ಇದೆ, ಅಲ್ಲೂ ಸಲಹೆ ಸಿಗುತ್ತದೆ, ಆದರೆ ಪೆಡ್ಲರ್ ಬಗ್ಗೆ ಮಾಹಿತಿ ಕೊಡಲು ಅದು ಹೆಚ್ಚು ಸೂಕ್ತ. ಮಗನ ಚಿಕಿತ್ಸೆಗೆ ನಾನಾದರೆ ಮೊದಲು 14446 ಒತ್ತುತ್ತೇನೆ. ಕೇಸಿನ ಭಯವಿದ್ದರೆ ವಕೀಲರನ್ನು ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಬಗ್ಗೆ ಕೇಳಿ. ಸ್ವಂತ ಬಳಕೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಪ್ಪಿದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ ಎನ್ನುತ್ತದೆ ಅದು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆಯಬಹುದು. ಆದ್ದರಿಂದ ದಾಖಲಾದ ದಿನದಿಂದ ಆಸ್ಪತ್ರೆಯ ಚೀಟಿ, ರಸೀದಿ ಎಲ್ಲವನ್ನೂ ತೆಗೆದಿಡಿ.